ಸಣ್ಣ ಅಂಗಡಿಗೆ ಜಿಎಸ್‌ಟಿ: ವಹಿವಾಟು, ಲಾಭ ಮತ್ತು ನೋಟಿಸಿನ ಲೆಕ್ಕ

2025ರ ಜುಲೈನಲ್ಲಿ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿಗಳಲ್ಲಿ ಕ್ಯುಆರ್ ಕೋಡ್ ತೆಗೆದು 'ಕ್ಯಾಶ್ ಮಾತ್ರ' ಎಂಬ ಚೀಟಿ ಅಂಟಿಸಿದ್ದನ್ನು ಬಹಳ ಜನ ನೋಡಿರುತ್ತೀರಿ. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮೂಲಕ ಬಂದ ಹಣದ ಮಾಹಿತಿ ತರಿಸಿಕೊಂಡು, 2021-22ರಿಂದೀಚಿನ ವರ್ಷಗಳ ತೆರಿಗೆ ಕೇಳಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತ್ತು. ವ್ಯಾಪಾರಿಗಳು ಬಂದ್‌ಗೆ ಕರೆ ಕೊಟ್ಟರು. ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳನ್ನು ಕರೆಸಿ ಮಾತನಾಡಿದ ಮೇಲೆ ವಾತಾವರಣ ತಣ್ಣಗಾಯಿತು.

ಆದರೆ ಆಗ ಹುಟ್ಟಿದ ಗೊಂದಲ ಇನ್ನೂ ಹೋಗಿಲ್ಲ. ಯುಪಿಐನಲ್ಲಿ ಹಣ ತೆಗೆದುಕೊಂಡರೆ ತೆರಿಗೆ ಬೀಳುತ್ತದಾ? ದಿನಕ್ಕೆ ಸಾವಿರ ರೂಪಾಯಿ ಉಳಿಯದ ಅಂಗಡಿಗೆ ಲಕ್ಷಗಟ್ಟಲೆ ನೋಟಿಸ್ ಬರುವುದು ಹೇಗೆ? ಜಿಎಸ್‌ಟಿ ನಂಬರ್ ಮಾಡಿಸಿದರೆ ಅಂಗಡಿ ಮುಚ್ಚಬೇಕಾಗುತ್ತದೆ ಎನ್ನುವ ಮಾತು ಎಷ್ಟು ನಿಜ? ಲೆಕ್ಕ ಬಿಡಿಸಿ ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಸಣ್ಣ ವ್ಯಾಪಾರಿಯ ಪಾಲಿಗೆ ತೆರಿಗೆಗಿಂತ ಹೆಚ್ಚು ಭಾರವಾಗುವುದು ತಡವಾಗಿ ನೋಂದಣಿ ಮಾಡಿಸುವುದು, ಅಥವಾ ಮಾಡಿಸದೇ ಸಿಕ್ಕಿಹಾಕಿಕೊಳ್ಳುವುದು.

ಇದು ಯಾರು ಕೊಡುವ ತೆರಿಗೆ?

ಸರಕು ಮತ್ತು ಸೇವಾ ತೆರಿಗೆ (ಜಿಎಸ್‌ಟಿ) ದೇಶದಲ್ಲಿ ಜಾರಿಗೆ ಬಂದದ್ದು 2017ರ ಜುಲೈ 1ರಂದು. ಅದಕ್ಕೆ ಮುಂಚೆ ಕಾರ್ಖಾನೆ ಬಾಗಿಲಲ್ಲಿ ಕೇಂದ್ರದ ಅಬಕಾರಿ ಸುಂಕ, ಮಾರಾಟದ ಮೇಲೆ ರಾಜ್ಯದ ವ್ಯಾಟ್, ಸೇವೆಗೆ ಸೇವಾ ತೆರಿಗೆ, ಗಡಿ ದಾಟಿದರೆ ಕೇಂದ್ರ ಮಾರಾಟ ತೆರಿಗೆ, ಪ್ರವೇಶ ತೆರಿಗೆ ಹೀಗೆ ಹಲವು ಇದ್ದವು. ಇವುಗಳಲ್ಲಿ ಬಹುಪಾಲನ್ನು ಸೇರಿಸಿ ಒಂದು ಮಾಡಲಾಯಿತು. ಪೆಟ್ರೋಲ್, ಡೀಸೆಲ್, ಮದ್ಯ ಈಗಲೂ ಹೊರಗಿವೆ. ರಾಜ್ಯದೊಳಗಿನ ಮಾರಾಟದಲ್ಲಿ ತೆರಿಗೆಯ ಅರ್ಧ ಕೇಂದ್ರಕ್ಕೆ (ಸಿಜಿಎಸ್‌ಟಿ), ಅರ್ಧ ರಾಜ್ಯಕ್ಕೆ (ಎಸ್‌ಜಿಎಸ್‌ಟಿ) ಹೋಗುತ್ತದೆ. ಹೊರ ರಾಜ್ಯಕ್ಕೆ ಮಾರಿದರೆ ಐಜಿಎಸ್‌ಟಿ.

2025ರ ಸೆಪ್ಟೆಂಬರ್ 22ರಿಂದ ದರಗಳೂ ಬದಲಾಗಿವೆ. ಮೊದಲಿದ್ದ 12 ಮತ್ತು 28ರ ಹಂತಗಳು ಹೋಗಿ, ಹೆಚ್ಚಿನ ವಸ್ತುಗಳು ಶೇ 5 ಅಥವಾ ಶೇ 18ಕ್ಕೆ ಬಂದಿವೆ. ಬಿಸ್ಕತ್ತು, ಚಾಕೊಲೇಟ್, ಕುರುಕಲು ತಿಂಡಿ ಈಗ ಶೇ 5. ಸೋಡಾ ಬೆರೆತ ತಂಪು ಪಾನೀಯ ಶೇ 40.

ತೆರಿಗೆಯ ಹೊರೆ ಕೊನೆಗೆ ಬೀಳುವುದು ವಸ್ತುವನ್ನು ಬಳಸುವ ಗಿರಾಕಿಯ ಮೇಲೆ. ಅಂಗಡಿಯವರ ಕೆಲಸ ಅದನ್ನು ವಸೂಲಿ ಮಾಡಿ ಸರ್ಕಾರಕ್ಕೆ ಮುಟ್ಟಿಸುವುದು. ಬಸ್ ಕಂಡಕ್ಟರ್ ಚೀಲದಲ್ಲಿ ದಿನವಿಡೀ ಹಣ ತುಂಬುತ್ತದೆ, ಸಂಜೆ ಡಿಪೋದಲ್ಲಿ ಕಟ್ಟಬೇಕು. ಜಿಎಸ್‌ಟಿ ಹಣವೂ ಹಾಗೆಯೇ. ಇದನ್ನು ಆದಾಯ ತೆರಿಗೆಯ ಜೊತೆ ಕಲಸಬಾರದು. ಆದಾಯ ತೆರಿಗೆ ನಿಮಗೆ ಉಳಿದ ಲಾಭದ ಮೇಲೆ, ಜಿಎಸ್‌ಟಿ ನೀವು ಮಾರಿದ ಮಾಲಿನ ಮೇಲೆ. 'ನಮಗೆ ಲಾಭವೇ ಇಲ್ಲ, ಜಿಎಸ್‌ಟಿ ಎಲ್ಲಿಂದ ಕಟ್ಟೋದು' ಎನ್ನುವ ಪ್ರಶ್ನೆ ನ್ಯಾಯವಾಗಿಯೇ ಕೇಳಿಸುತ್ತದೆ, ಆದರೆ ಕಾನೂನು ಲಾಭವನ್ನು ನೋಡುವುದೇ ಇಲ್ಲ.

40 ಲಕ್ಷ, 20 ಲಕ್ಷ: ಈ ಗಡಿ ಯಾವುದರದ್ದು?

ಕರ್ನಾಟಕದಲ್ಲಿ ಬರೀ ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ದಾಟಿದರೆ ನೋಂದಣಿ ಕಡ್ಡಾಯ. ಸೇವೆ ಕೊಡುವವರಿಗೆ ಗಡಿ 20 ಲಕ್ಷ. ವಹಿವಾಟು ಎಂದರೆ ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಒಟ್ಟು ಮಾರಾಟ. ಖರ್ಚು, ಬಾಡಿಗೆ, ಕೆಲಸದವರ ಸಂಬಳ ಏನನ್ನೂ ಕಳೆಯುವಂತಿಲ್ಲ.

40 ಲಕ್ಷ ಎಂದರೆ ದೊಡ್ಡ ಮೊತ್ತ ಅನಿಸುತ್ತದೆ. ದಿನದ ಲೆಕ್ಕಕ್ಕೆ ಇಳಿಸಿ ನೋಡಿ: ವರ್ಷವಿಡೀ ಬಾಗಿಲು ತೆರೆದಿರುವ ಅಂಗಡಿಗೆ ದಿನಕ್ಕೆ ಸುಮಾರು 11,000 ರೂಪಾಯಿ ವ್ಯಾಪಾರ. ಬಸ್ ನಿಲ್ದಾಣದ ಪಕ್ಕದ ಕಾಂಡಿಮೆಂಟ್ಸ್‌ಗೆ ಇದು ದೊಡ್ಡ ಸಂಖ್ಯೆಯೇನಲ್ಲ. ಹಾಲಿನಂಥ ವಸ್ತುಗಳಲ್ಲಿ ಕಮಿಷನ್ ತೀರಾ ಕಡಿಮೆ, ಆದರೆ ಕೈಗೆ ಬಂದು ಹೋಗುವ ಹಣ ಜಾಸ್ತಿ. ಅಂಗಡಿಯವರಿಗೆ ತಾವು ಗಡಿ ದಾಟಿದ್ದೇ ಗೊತ್ತಾಗದಿರುವುದಕ್ಕೆ ಇದೇ ಕಾರಣ.

ಇಲ್ಲಿ ಎಡವುವ ಜಾಗಗಳು ಎರಡು. ಮೊದಲನೆಯದು, 40 ಲಕ್ಷದ ಗಡಿ 'ಬರೀ ಸರಕು' ಮಾರುವವರಿಗೆ ಮಾತ್ರ. ಹೋಟೆಲ್‌ನಲ್ಲಿ ಊಟ, ತಿಂಡಿ, ಟೀ ಕೊಡುವುದು ಜಿಎಸ್‌ಟಿ ಕಾಯ್ದೆಯ ಪ್ರಕಾರ ಸೇವೆ. ಹಾಗಾಗಿ ದರ್ಶಿನಿಗೆ, ಟೀ ಅಂಗಡಿಗೆ ಗಡಿ 20 ಲಕ್ಷ, ಅಂದರೆ ದಿನಕ್ಕೆ ಸುಮಾರು 5,500 ರೂಪಾಯಿ. ಬಿಸ್ಕತ್ತು, ಬನ್ ಮಾರುವ ಬೇಕರಿಯವರು ಪಕ್ಕದಲ್ಲೇ ಟೀ, ಕಾಫಿ ಮಾಡಿಕೊಟ್ಟರೆ ಅವರು 'ಬರೀ ಸರಕು' ಮಾರುವವರಾಗಿ ಉಳಿಯುವುದಿಲ್ಲ. ಅವರೂ 20 ಲಕ್ಷದ ಸಾಲಿಗೆ ಬರುತ್ತಾರೆ.

ಎರಡನೆಯದು, ತೆರಿಗೆ ಇಲ್ಲದ ಮಾಲೂ ವಹಿವಾಟಿನ ಲೆಕ್ಕಕ್ಕೆ ಸೇರುತ್ತದೆ. ಒಂದು ಅಂಗಡಿ ವರ್ಷಕ್ಕೆ 30 ಲಕ್ಷದ ಹಾಲು, 12 ಲಕ್ಷದ ಬಿಸ್ಕತ್ತು, ಸೋಪು ಮಾರುತ್ತದೆ ಎಂದುಕೊಳ್ಳಿ. ಹಾಲಿಗೆ ತೆರಿಗೆ ಇಲ್ಲ. ಆದರೂ ಒಟ್ಟು 42 ಲಕ್ಷವಾದ್ದರಿಂದ ನೋಂದಣಿ ಮಾಡಿಸಲೇಬೇಕು. ತೆರಿಗೆ ಮಾತ್ರ ಆ 12 ಲಕ್ಷದ ಮಾಲಿಗಷ್ಟೇ. ಹಾಲು, ತಾಜಾ ತರಕಾರಿ, ಹಣ್ಣಿನಂಥ ತೆರಿಗೆ ವಿನಾಯಿತಿ ಇರುವ ಮಾಲನ್ನು ಮಾತ್ರ ಮಾರುವವರು ಎಷ್ಟೇ ಕೋಟಿ ವಹಿವಾಟು ಮಾಡಿದರೂ ನೋಂದಣಿಯ ಅಗತ್ಯವಿಲ್ಲ. ತರಕಾರಿ ವ್ಯಾಪಾರಿಗಳಿಗೂ ನೋಟಿಸ್ ಹೋದಾಗ ಎಲ್ಲರಿಗಿಂತ ಹೆಚ್ಚು ಆಕ್ರೋಶ ಬಂದದ್ದು ಇದರಿಂದಲೇ.

ಗಡಿ ಲೆಕ್ಕ ಹಾಕುವಾಗ ಒಂದೇ ಪ್ಯಾನ್ ನಂಬರಿನಡಿ ಇರುವ ಎಲ್ಲ ವ್ಯಾಪಾರವೂ ಒಟ್ಟಾಗುತ್ತದೆ. ಒಬ್ಬರದೇ ಹೆಸರಿನಲ್ಲಿ ಮೈಸೂರಿನಲ್ಲೊಂದು, ಮಂಡ್ಯದಲ್ಲೊಂದು ಅಂಗಡಿ ಇದ್ದರೆ ಎರಡನ್ನೂ ಕೂಡಿಸಬೇಕು. ಹೊರ ರಾಜ್ಯಕ್ಕೆ ಸರಕು ಮಾರುವವರಿಗಂತೂ, ಕರಕುಶಲ ವಸ್ತುಗಳಂಥ ಕೆಲವನ್ನು ಬಿಟ್ಟರೆ, ಈ ಗಡಿಯ ರಕ್ಷಣೆಯೇ ಇಲ್ಲ. ಮೊದಲ ಮಾರಾಟದಿಂದಲೇ ನೋಂದಣಿ ಬೇಕು.

ಯುಪಿಐ ವಿಚಾರ. ಹಣ ನಗದಾಗಿ ಬಂದರೂ ಮೊಬೈಲಿಗೆ ಬಂದರೂ ಗಡಿ ಒಂದೇ, ತೆರಿಗೆ ಒಂದೇ. ಯುಪಿಐಗೆಂದೇ ಬೇರೆ ಜಿಎಸ್‌ಟಿ ಇಲ್ಲ. ಅದು ದಾಖಲೆ ಉಳಿಸುತ್ತದೆ, ಅಷ್ಟೇ.

ಕೊಳ್ಳುವಾಗ ಕಟ್ಟಿದ್ದು ಎಲ್ಲಿ ಹೋಗುತ್ತದೆ?

ಜಿಎಸ್‌ಟಿಯ ಜೀವಾಳ ಇರುವುದು ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್‌ನಲ್ಲಿ. ಆಡಿಟರುಗಳು ಚಿಕ್ಕದಾಗಿ 'ಇನ್‌ಪುಟ್' ಎನ್ನುತ್ತಾರೆ. ಮಾಲು ಕೊಂಡಾಗ ನೀವು ಕಟ್ಟಿದ ತೆರಿಗೆಯನ್ನು, ಮಾರಿದಾಗ ವಸೂಲಿ ಮಾಡಿದ ತೆರಿಗೆಯಿಂದ ಕಳೆದು, ಉಳಿದಷ್ಟನ್ನು ಮಾತ್ರ ಸರ್ಕಾರಕ್ಕೆ ಕಟ್ಟುವುದು.

ಸ್ಟೀಲ್ ಬೀರು ತಯಾರಿಸುವ ಒಂದು ಸಣ್ಣ ವರ್ಕ್‌ಶಾಪ್ ಇದೆ ಎಂದುಕೊಳ್ಳೋಣ. ಅಲ್ಲಿಯವರು 1,00,000 ರೂಪಾಯಿಯ ತಗಡು ಕೊಂಡರು, ಅದರ ಮೇಲೆ ಶೇ 18ರಂತೆ 18,000 ತೆರಿಗೆ ಕೊಟ್ಟರು. ಕೂಲಿ, ಕರೆಂಟು, ಲಾಭ ಎಲ್ಲ ಸೇರಿ 60,000 ಹಾಕಿ ಬೀರುಗಳನ್ನು 1,60,000ಕ್ಕೆ ಮಾರಿ, ಮೇಲೆ 28,800 ತೆರಿಗೆ ತೆಗೆದುಕೊಂಡರು. ಸರ್ಕಾರಕ್ಕೆ ಕಟ್ಟುವುದು 28,800ರಲ್ಲಿ 18,000 ಕಳೆದು 10,800. ಇದು ಅವರು ಸೇರಿಸಿದ 60,000ದ ಶೇ 18. ತಗಡಿನ ಮೇಲೆ ಒಮ್ಮೆ ಬಿದ್ದ ತೆರಿಗೆಯ ಮೇಲೆ ಮತ್ತೆ ತೆರಿಗೆ ಬೀಳಲಿಲ್ಲ.

ನೋಂದಣಿ ಇಲ್ಲದವರಿಗೆ ಈ ಕಳೆಯುವ ಹಕ್ಕಿಲ್ಲ. ಅವರು ಕೊಟ್ಟ 18,000 ಮಾಲಿನ ಅಸಲಿಗೇ ಸೇರಿಹೋಗುತ್ತದೆ. 'ನಾವು ಜಿಎಸ್‌ಟಿ ಕಟ್ಟಲ್ಲ' ಎನ್ನುವ ಪುಟ್ಟ ಅಂಗಡಿಯವರೂ ಹೋಲ್‌ಸೇಲ್ ಬಿಲ್ಲಿನಲ್ಲಿ ದಿನವೂ ಜಿಎಸ್‌ಟಿ ಕಟ್ಟುತ್ತಲೇ ಇದ್ದಾರೆ.

ನಂಬರ್ ಇದ್ದರೆ ಒಳ್ಳೆಯದಾ? ಗಿರಾಕಿ ಯಾರು ಎಂದು ಕೇಳಿಕೊಳ್ಳಿ

ಅದೇ ವರ್ಕ್‌ಶಾಪಿನ ಪಕ್ಕದಲ್ಲಿ ಜಿಎಸ್‌ಟಿ ನಂಬರ್ ಇಲ್ಲದ ಇನ್ನೊಂದು ವರ್ಕ್‌ಶಾಪ್ ಇದೆ ಅನ್ನಿ. ಅವರಿಗೆ ತಗಡಿನ ಅಸಲು 1,18,000. ಅಷ್ಟೇ 60,000 ಸೇರಿಸಿದರೆ ಅವರ ಬೆಲೆ 1,78,000.

ಮನೆಗೆ ಬೀರು ಕೊಳ್ಳಲು ಬಂದವರಿಗೆ ನಂಬರ್ ಇರುವಲ್ಲಿ 1,88,800, ಇಲ್ಲದಲ್ಲಿ 1,78,000. ಅವರು ಎರಡನೆಯ ಕಡೆಗೇ ಹೋಗುತ್ತಾರೆ. ಆದರೆ ಬಂದವರು ಫರ್ನಿಚರ್ ಷೋರೂಮಿನವರಾದರೆ ಲೆಕ್ಕ ತಿರುಗುತ್ತದೆ. ನಂಬರ್ ಇರುವವರಿಂದ ಕೊಂಡರೆ ಅವರು ಕೊಟ್ಟ 28,800 ಇನ್‌ಪುಟ್ ಆಗಿ ಸಿಗುತ್ತದೆ, ನಿಜವಾದ ಅಸಲು 1,60,000. ನಂಬರ್ ಇಲ್ಲದವರಿಂದ ಕೊಂಡರೆ ಅಸಲು ಪೂರ್ತಿ 1,78,000. ಅಲ್ಲಿಗೆ 18,000 ರೂಪಾಯಿ ವ್ಯತ್ಯಾಸ. ಷೋರೂಮಿನವರು ಜಿಎಸ್‌ಟಿ ಬಿಲ್ ಇಲ್ಲದೆ ಮಾಲು ತೆಗೆದುಕೊಳ್ಳದಿರುವುದರ ಹಿಂದಿರುವುದು ಈ ವ್ಯತ್ಯಾಸ.

ಹಾಗಾಗಿ ನೇರವಾಗಿ ಮನೆಮಂದಿಗೆ ಮಾರುವವರಿಗೆ, ಗಡಿಯೊಳಗೆ ಇರುವವರೆಗೆ, ನಂಬರ್ ಇಲ್ಲದಿರುವುದೇ ಅನುಕೂಲ. ಕಾರ್ಖಾನೆ, ಕಂಪನಿ, ದೊಡ್ಡ ಅಂಗಡಿಗಳಿಗೆ ಮಾಲು ಕೊಡುವವರಿಗೆ ವಹಿವಾಟು 10 ಲಕ್ಷವೇ ಇದ್ದರೂ ನಂಬರ್ ಇರುವುದು ಅನುಕೂಲ. ಅಂಥವರು ಸ್ವಇಚ್ಛೆಯಿಂದ ನೋಂದಣಿ ಮಾಡಿಸಬಹುದು. ಒಮ್ಮೆ ಮಾಡಿಸಿದ ಮೇಲೆ ಮಾತ್ರ 40 ಲಕ್ಷದವರೆಗೆ ಮಾಫಿ ಎಂಬುದು ಇರುವುದಿಲ್ಲ. ಮೊದಲ ರೂಪಾಯಿಯಿಂದಲೇ ತೆರಿಗೆ ಲೆಕ್ಕ ಶುರು.

2017ರ ಬದಲಾವಣೆಯ ಬಿಸಿ ಸಣ್ಣ ತಯಾರಕರಿಗೆ ಹೆಚ್ಚು ತಟ್ಟಿತು ಎನ್ನುವುದನ್ನೂ ಇಲ್ಲಿ ಹೇಳಲೇಬೇಕು. ಹಳೆಯ ಅಬಕಾರಿ ಸುಂಕದಲ್ಲಿ ಸಣ್ಣ ಘಟಕಗಳಿಗೆ ವರ್ಷಕ್ಕೆ ಒಂದೂವರೆ ಕೋಟಿವರೆಗೆ ವಿನಾಯಿತಿ ಇತ್ತು. ಜಿಎಸ್‌ಟಿ ಬಂದಾಗ ಕರ್ನಾಟಕದಲ್ಲಿ ಎಲ್ಲರಿಗೂ ಗಡಿ 20 ಲಕ್ಷಕ್ಕೆ ನಿಂತಿತು. ಸರಕಿನ ಗಡಿ 40 ಲಕ್ಷಕ್ಕೆ ಏರಿದ್ದು 2019ರ ಏಪ್ರಿಲ್‌ನಲ್ಲಿ.

ಕಾಂಪೋಸಿಷನ್: ಸುಲಭ, ಆದರೆ ಎಲ್ಲರಿಗೂ ಅಗ್ಗವಲ್ಲ

ವರ್ಷಕ್ಕೆ ಒಂದೂವರೆ ಕೋಟಿವರೆಗೆ ವಹಿವಾಟು ಇರುವ ವ್ಯಾಪಾರಿಗಳು, ತಯಾರಕರು, ಹೋಟೆಲಿನವರು ಕಾಂಪೋಸಿಷನ್ ಪದ್ಧತಿಗೆ ಸೇರಬಹುದು. ಬಿಲ್ಲಿಗೊಂದು ಲೆಕ್ಕ ಇಡುವ ಬದಲು ಒಟ್ಟು ಮಾರಾಟದ ಮೇಲೆ ಒಂದು ಸಣ್ಣ ಪಾಲು ಕಟ್ಟುವುದು: ವ್ಯಾಪಾರಿಗಳಿಗೆ ಮತ್ತು ತಯಾರಕರಿಗೆ ಶೇ 1, ಹೋಟೆಲಿಗೆ ಶೇ 5. ಬೇರೆ ಸೇವೆ ಕೊಡುವವರಿಗೆ 50 ಲಕ್ಷದವರೆಗೆ ಶೇ 6ರ ಇನ್ನೊಂದು ದಾರಿ ಇದೆ. ಬರೀ ವ್ಯಾಪಾರ ಮಾಡುವವರಿಗೆ ಈ ಶೇ 1 ಲೆಕ್ಕವಾಗುವುದು ತೆರಿಗೆ ಇರುವ ಮಾಲಿನ ಮೇಲೆ ಮಾತ್ರ. ಮೇಲೆ ಹೇಳಿದ ಹಾಲಿನ ಅಂಗಡಿಯವರು ಇದಕ್ಕೆ ಸೇರಿದರೆ ಕಟ್ಟಬೇಕಾದ್ದು 12 ಲಕ್ಷದ ಶೇ 1, ವರ್ಷಕ್ಕೆ 12,000. ಮೂರು ತಿಂಗಳಿಗೊಮ್ಮೆ ಹಣ ಕಟ್ಟಿ, ವರ್ಷಕ್ಕೊಂದು ರಿಟರ್ನ್ (ಮಾರಾಟ, ತೆರಿಗೆಯ ಲೆಕ್ಕಪಟ್ಟಿ) ಹಾಕಿದರೆ ಮುಗಿಯಿತು.

ಷರತ್ತುಗಳಿವೆ. ಗಿರಾಕಿಯಿಂದ ತೆರಿಗೆ ವಸೂಲಿ ಮಾಡುವಂತಿಲ್ಲ, ಇನ್‌ಪುಟ್ ಸಿಗುವುದಿಲ್ಲ, ಹೊರ ರಾಜ್ಯಕ್ಕೆ ಮಾರುವಂತಿಲ್ಲ. ಕಾಂಪೋಸಿಷನ್ ಎಂದು ಬಿಲ್ಲಿನಲ್ಲಿ ಬರೆದಿರುವ ಹೋಟೆಲ್ ಊಟದ ಮೇಲೆ ಜಿಎಸ್‌ಟಿ ಹಾಕಿದ್ದರೆ ಅದು ತಪ್ಪು. ಗಿರಾಕಿಗಳೂ ಇದನ್ನು ಗಮನಿಸುವುದು ಒಳ್ಳೆಯದು.

'ಶೇ 1 ತಾನೇ' ಎಂದು ಕಣ್ಣು ಮುಚ್ಚಿ ಒಪ್ಪುವ ಮುಂಚೆ ಒಂದು ಲೆಕ್ಕ ಮಾಡಿ. ಬಿಸ್ಕತ್ತಿನಂಥ ಶೇ 5ರ ಮಾಲನ್ನು ಅಂಗಡಿಯವರು 1,00,000 ರೂಪಾಯಿಗೆ ಕೊಂಡು, ತೆರಿಗೆ ಸೇರಿ 1,05,000 ಕೊಟ್ಟರು. ಪೊಟ್ಟಣದ ಮೇಲೆ ಎಂಆರ್‌ಪಿ ಅಚ್ಚಾಗಿರುವುದರಿಂದ ಅದಕ್ಕಿಂತ ಹೆಚ್ಚಿಗೆ ಮಾರುವಂತಿಲ್ಲ. ಒಟ್ಟು 1,15,500 ಬಂತು.

ನೋಂದಣಿಯೇ ಇಲ್ಲದಿದ್ದರೆ ಕೈಯಲ್ಲಿ ಉಳಿಯುವುದು 10,500. ಮಾಮೂಲಿ ನೋಂದಣಿ ಇದ್ದರೆ 1,15,500ರಲ್ಲಿ ಅಡಗಿರುವ ತೆರಿಗೆ 5,500, ಅದರಲ್ಲಿ ಕೊಟ್ಟ 5,000 ಕಳೆದು ಸರ್ಕಾರಕ್ಕೆ 500, ಕೈಯಲ್ಲಿ 10,000. ಕಾಂಪೋಸಿಷನ್ ಆದರೆ 1,15,500ರ ಶೇ 1, ಅಂದರೆ 1,155 ಕಟ್ಟಿ ಕೈಯಲ್ಲಿ ಉಳಿಯುವುದು 9,345.

ಲಾಭದ ಅಂಚು ತೆಳುವಾಗಿರುವ ಕಿರಾಣಿ, ಕಾಂಡಿಮೆಂಟ್ಸ್ ವ್ಯಾಪಾರದಲ್ಲಿ ಕಾಂಪೋಸಿಷನ್ ತೆರಿಗೆಯೇ ಮಾಮೂಲಿಗಿಂತ ಜಾಸ್ತಿ. ಅದು ಉಳಿಸಿಕೊಡುವುದು ಬರವಣಿಗೆಯ ಕೆಲಸವನ್ನು, ಆಡಿಟರ್ ಫೀಸನ್ನು. ಅಗ್ಗದ ಕಚ್ಚಾವಸ್ತುವಿಗೆ ಹೆಚ್ಚು ಕೈಕೆಲಸ ಸೇರಿಸಿ ಮಾರುವ ತಯಾರಕರಿಗೆ ಇದೇ ಲೆಕ್ಕ ತಿರುವುಮುರುವು. ಅವರಿಗೆ ಕಾಂಪೋಸಿಷನ್ ದೊಡ್ಡ ಉಳಿತಾಯ. ಪಕ್ಕದ ಅಂಗಡಿಯವರು ಯಾವುದನ್ನು ಆರಿಸಿದರು ಎಂದು ನೋಡಿ ನೀವೂ ಅದನ್ನೇ ಆರಿಸಬೇಡಿ.

ಇನ್ನೂ ಒಂದು ಮಾತು ಈ ಲೆಕ್ಕದಿಂದ ಹೊರಡುತ್ತದೆ. ನಂಬರ್ ಇಲ್ಲದವರಿಗೂ ಮಾಮೂಲಿ ನೋಂದಣಿಯವರಿಗೂ ಇರುವ ವ್ಯತ್ಯಾಸ ಲಕ್ಷಕ್ಕೆ 500 ರೂಪಾಯಿ ಚಿಲ್ಲರೆ. ಬಹಳ ಜನ ಹೆದರುವಷ್ಟು ದೊಡ್ಡದು ಅದಲ್ಲ.

ರಿಟರ್ನ್ ಮತ್ತು ಕೈಗೆ ಬಾರದ ಹಣ

ಹಾಗಾದರೆ ತೊಂದರೆ ಎಲ್ಲಿದೆ? ಮಾಮೂಲಿ ನೋಂದಣಿ ಇರುವವರು ಮಾರಾಟದ ವಿವರವನ್ನು ಜಿಎಸ್‌ಟಿಆರ್-1ರಲ್ಲಿ ಮುಂದಿನ ತಿಂಗಳ 11ರೊಳಗೆ, ತೆರಿಗೆ ಲೆಕ್ಕವನ್ನು ಜಿಎಸ್‌ಟಿಆರ್-3ಬಿಯಲ್ಲಿ 20ರೊಳಗೆ ಕೊಡಬೇಕು. ವಹಿವಾಟು 5 ಕೋಟಿವರೆಗೆ ಇದ್ದರೆ ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವ ಅವಕಾಶವಿದೆ, ಆದರೆ ತೆರಿಗೆ ಹಣವನ್ನು ತಿಂಗಳು ತಿಂಗಳೂ ಕಟ್ಟಬೇಕು. ವ್ಯಾಪಾರವೇ ನಡೆಯದ ತಿಂಗಳಲ್ಲೂ ಶೂನ್ಯ ರಿಟರ್ನ್ ಹಾಕಬೇಕು. ತಡವಾದರೆ ಶೂನ್ಯ ರಿಟರ್ನಿಗೆ ದಿನಕ್ಕೆ 20, ಉಳಿದವುಗಳಿಗೆ 50 ರೂಪಾಯಿ, ಬಾಕಿ ತೆರಿಗೆಗೆ ವರ್ಷಕ್ಕೆ ಶೇ 18 ಬಡ್ಡಿ. ಅಂಗಡಿ ಮುಚ್ಚಿ ನಂಬರ್ ರದ್ದು ಮಾಡಿಸದೆ ಬಿಟ್ಟವರಿಗೆ ಈ ದಿನದ ಲೆಕ್ಕ ಸುಮ್ಮನೆ ಬೆಳೆಯುತ್ತಾ ಹೋಗುತ್ತದೆ.

ಇದಕ್ಕಿಂತ ಕಷ್ಟದ್ದು ಸಾಲದ ಮೇಲೆ ಮಾಲು ಕೊಡುವವರ ಸ್ಥಿತಿ. ಪೀಣ್ಯದ ಒಂದು ಸಣ್ಣ ಘಟಕ ದೊಡ್ಡ ಕಂಪನಿಗೆ 5 ಲಕ್ಷದ ಬಿಡಿಭಾಗ ಕಳಿಸಿ, 90,000 ಜಿಎಸ್‌ಟಿ ಸೇರಿಸಿ ಬಿಲ್ ಹಾಕಿತು ಎನ್ನಿ. ಕಂಪನಿ ಹಣ ಕೊಡುವುದು ಮೂರು ತಿಂಗಳ ನಂತರ. ತೆರಿಗೆ ಹುಟ್ಟುವುದು ಬಿಲ್ಲಿನ ದಿನಾಂಕದಿಂದ. ಇನ್‌ಪುಟ್ ಕಳೆದು ಉಳಿದದ್ದನ್ನು ಮುಂದಿನ ತಿಂಗಳ 20ಕ್ಕೇ ಕಟ್ಟಬೇಕು. ಪ್ರಯಾಣಿಕ ಇನ್ನೂ ಟಿಕೆಟ್ ಹಣ ಕೊಟ್ಟಿಲ್ಲ, ಡಿಪೋದಲ್ಲಿ ಕಂಡಕ್ಟರ್ ತನ್ನ ಜೇಬಿನಿಂದ ಕಟ್ಟಿದ ಹಾಗೆ. ಕೊಂಡವರು 180 ದಿನದೊಳಗೆ ಹಣ ಕೊಡದಿದ್ದರೆ ತಾವು ತೆಗೆದುಕೊಂಡ ಇನ್‌ಪುಟ್ ಹಿಂದಿರುಗಿಸಬೇಕೆಂಬ ನಿಯಮ ಇದೆ. ಸಣ್ಣ ಘಟಕಕ್ಕೆ ಆರು ತಿಂಗಳು ತುಂಬಾ ದೀರ್ಘ ಕಾಲ.

ಇನ್‌ಪುಟ್ ಸಿಗುವುದೂ ನಿಮ್ಮೊಬ್ಬರ ಕೈಯಲ್ಲಿಲ್ಲ. ನಿಮಗೆ ಮಾಲು ಕೊಟ್ಟವರು ತಮ್ಮ ಜಿಎಸ್‌ಟಿಆರ್-1ರಲ್ಲಿ ನಿಮ್ಮ ಬಿಲ್ ತೋರಿಸಿದರೆ ಮಾತ್ರ ಅದು ನಿಮಗೆ ಸಿಗುವ ಕ್ರೆಡಿಟ್‌ನ ಪಟ್ಟಿಯಾದ ಜಿಎಸ್‌ಟಿಆರ್-2ಬಿಯಲ್ಲಿ ಕಾಣಿಸುತ್ತದೆ. ಅಲ್ಲಿ ಕಾಣದ ಬಿಲ್ಲಿಗೆ ಕ್ರೆಡಿಟ್ ಇಲ್ಲ. ಹೋಲ್‌ಸೇಲ್‌ನವರನ್ನು ಆರಿಸುವಾಗ ನಾಲ್ಕು ರೂಪಾಯಿ ಕಡಿಮೆ ಬೆಲೆಗಿಂತ, ಸಮಯಕ್ಕೆ ಸರಿಯಾಗಿ ರಿಟರ್ನ್ ಹಾಕುವವರೇ ಎಂದು ನೋಡುವುದು ಮೇಲು. ಜಿಎಸ್‌ಟಿ ಪೋರ್ಟಲ್‌ನಲ್ಲಿ ಅವರ ನಂಬರ್ ಹಾಕಿದರೆ ಅದು ಯಾರಿಗಾದರೂ ಕಾಣಿಸುತ್ತದೆ. ಜಿಎಸ್‌ಟಿ ನಂಬರಿನ 15 ಅಂಕಿ-ಅಕ್ಷರಗಳಲ್ಲಿ ಮೊದಲ ಎರಡು ರಾಜ್ಯದ ಸಂಖ್ಯೆ, ಕರ್ನಾಟಕಕ್ಕೆ 29. ನಂತರದ ಹತ್ತು ಮಾಲೀಕರ ಪ್ಯಾನ್.

ನೋಟಿಸಿನ ಮೊತ್ತ ಅಷ್ಟು ದೊಡ್ಡದಾಗುವುದು ಏಕೆ?

ಬಿಸ್ಕತ್ತಿನ ಲೆಕ್ಕಕ್ಕೆ ಮರಳಿ ಬನ್ನಿ. ಗಡಿ ದಾಟಿದ 30 ದಿನದೊಳಗೆ ಅರ್ಜಿ ಹಾಕಿದವರಿಗೆ ಗಡಿ ದಾಟಿದ ದಿನದಿಂದ ನೋಂದಣಿ ಜಾರಿಗೆ ಬರುತ್ತದೆ. ಅದಕ್ಕೆ ಹಿಂದಿನ ಮಾರಾಟಕ್ಕೆ ತೆರಿಗೆ ಇಲ್ಲ. ಅಂಗಡಿಯಲ್ಲಿ ಆಗ ಇದ್ದ ದಾಸ್ತಾನಿನ ಮೇಲೆ ಕೊಟ್ಟ ತೆರಿಗೆಯೂ ಇನ್‌ಪುಟ್ ಆಗಿ ಸಿಗುತ್ತದೆ. ಅವರು ಕಟ್ಟುವುದು 500.

ನೋಂದಣಿ ಇಲ್ಲದೆ ವರ್ಷಗಟ್ಟಲೆ ನಡೆಸಿ ಸಿಕ್ಕಿಬಿದ್ದವರಿಗೆ ಇನ್‌ಪುಟ್ ಕಳೆಯುವ ಹಕ್ಕು ಹೋಗಿರುತ್ತದೆ. ಅದೇ ಮಾಲಿಗೆ ಅವರಿಂದ ಕೇಳುವುದು ಪೂರ್ತಿ 5,500, ಹನ್ನೊಂದು ಪಟ್ಟು. ಮೇಲೆ ಬಡ್ಡಿ, ದಂಡ. ಒಂದು ವರ್ಷದ್ದಲ್ಲ, ಹಲವು ವರ್ಷದ್ದು ಒಟ್ಟಿಗೆ. ಕೈಯಲ್ಲಿ ಉಳಿದದ್ದೇ 10,500 ಆಗಿರುವಾಗ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗುತ್ತದೆ. ಮಾಲಿನ ದರ ಶೇ 18 ಆಗಿದ್ದರೆ ಲಾಭವನ್ನೂ ಮೀರಿ ಅಸಲಿಗೇ ಕೈ ಹಾಕುತ್ತದೆ. ಗಿರಾಕಿಯಿಂದ ಈಗ ಹಿಂದಿನ ತೆರಿಗೆ ಕೇಳಲೂ ಆಗುವುದಿಲ್ಲ.

ಇದರ ಜೊತೆಗೆ, ಬ್ಯಾಂಕಿಗೆ ಬಂದ ಹಣವೆಲ್ಲ ಮಾರಾಟದ ಹಣವೇ ಆಗಿರಬೇಕಿಲ್ಲ. ತಮ್ಮ ಕಳಿಸಿದ ಕೈಸಾಲ, ಎತ್ತಿದ ಚೀಟಿ ದುಡ್ಡು, ಗಾಡಿ ಮಾರಿದ ಹಣ, ಮೊಬೈಲ್ ರೀಚಾರ್ಜಿಗೆಂದು ಗಿರಾಕಿ ಹಾಕಿದ್ದು, ಎಲ್ಲವೂ ಅದೇ ಕ್ಯುಆರ್ ಕೋಡಿಗೆ ಬಂದಿರುತ್ತವೆ. ಇಲಾಖೆಗೆ ಕಾಣುವುದು ಒಟ್ಟು ಮೊತ್ತ ಮಾತ್ರ. ಬಿಡಿಸಿ ತೋರಿಸುವ ಹೊಣೆ ವ್ಯಾಪಾರಿಯದು.

ನೋಟಿಸ್ ಬಂದರೆ, ಬರುವ ಮುಂಚೆ

ನೋಟಿಸ್ ಎಂದರೆ ವಿವರಣೆ ಕೊಡಿ ಎಂಬ ಕರೆ, ಅಂತಿಮ ಆದೇಶ ಬರುವುದು ಆಮೇಲೆ. ಗಾಬರಿಯಿಂದ ಡ್ರಾಯರಿಗೆ ಹಾಕಿ ಸುಮ್ಮನಾಗುವುದು ಅತ್ಯಂತ ಅಪಾಯದ ದಾರಿ, ಏಕೆಂದರೆ ಉತ್ತರ ಬರದಿದ್ದರೆ ಇಲಾಖೆ ತನ್ನ ಬಳಿ ಇರುವ ಮೊತ್ತವನ್ನೇ ಹಿಡಿದು ಆದೇಶ ಮಾಡುತ್ತದೆ. ಆ ವರ್ಷಗಳ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿ, ವ್ಯಾಪಾರದ್ದಲ್ಲದ ಹಣಕ್ಕೆ ಗುರುತು ಹಾಕಿ. ಹಾಲು, ತರಕಾರಿಯಂಥ ತೆರಿಗೆ ಇಲ್ಲದ ಮಾಲಿನ ಖರೀದಿ ಬಿಲ್ಲುಗಳನ್ನು ಒಟ್ಟು ಮಾಡಿ. ಬಿಲ್ ಕಳೆದಿದ್ದರೆ ಡೈರಿ ಏಜೆಂಟರಿಂದ, ಮಂಡಿಯಿಂದ ಲೆಕ್ಕ ಬರೆಸಿಕೊಳ್ಳಿ. ಇದನ್ನು ಆಡಿಟರ್ ಮೂಲಕ ಕೊಟ್ಟ ದಿನಾಂಕದೊಳಗೆ ಸಲ್ಲಿಸಿ, ಸಲ್ಲಿಸಿದ್ದಕ್ಕೆ ಸ್ವೀಕೃತಿ ಪಡೆಯಿರಿ. ಆದೇಶ ಒಪ್ಪಿಗೆಯಾಗದಿದ್ದರೆ ಮೇಲ್ಮನವಿಗೂ ಅವಕಾಶವಿದೆ.

ನೋಟಿಸ್ ಬಾರದವರು ಇವತ್ತೇ ಮಾಡಬಹುದಾದದ್ದು ಸಣ್ಣದು. ಅಂಗಡಿಗೊಂದು, ಮನೆಗೊಂದು ಬೇರೆ ಬೇರೆ ಖಾತೆ ಇಡಿ. ಪ್ರತಿದಿನದ ಮಾರಾಟವನ್ನು, ನಗದೂ ಸೇರಿಸಿ, ತೆರಿಗೆ ಇರುವ ಮಾಲು ಒಂದು ಕಡೆ, ಇಲ್ಲದ ಮಾಲು ಇನ್ನೊಂದು ಕಡೆ ಬರೆದಿಡಿ. ಏಪ್ರಿಲ್‌ನಿಂದ ಎಣಿಸುತ್ತಾ ಬಂದು ಮೊತ್ತ 35 ಲಕ್ಷಕ್ಕೆ, ಟೀ-ತಿಂಡಿಯವರಾದರೆ 17 ಲಕ್ಷಕ್ಕೆ ಮುಟ್ಟಿದಾಗ ಆಡಿಟರ್ ಹತ್ತಿರ ಹೋಗಿ. ನೋಂದಣಿಗೆ ಸರ್ಕಾರಿ ಶುಲ್ಕ ಇಲ್ಲ; ಪ್ಯಾನ್, ಆಧಾರ್, ಅಂಗಡಿಯ ಬಾಡಿಗೆ ಕರಾರು ಅಥವಾ ಕಂದಾಯ ರಸೀದಿ, ಬ್ಯಾಂಕ್ ವಿವರ ಇದ್ದರೆ ಅರ್ಜಿ ಹಾಕಬಹುದು.